ಹೊಳೆದಂಡೆಯ ಕುರಿಹಟ್ಟಿ: ಬೀಡು ಎಲ್ಲಿ ಬಿಡಬೇಕು?

ಹಿಂಗಾರಿ ಜೋಳದ ತೆನೆ ಕಣ ಸೇರುವ ಹೊತ್ತಿಗೆ ರಾಯಚೂರಿನಿಂದ ದೇವದುರ್ಗಕ್ಕೂ ಮಾನ್ವಿಗೂ ಹೋಗುವ ರಸ್ತೆಗಳಲ್ಲಿ ಸಂಜೆಯ ಬಸ್ಸು ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ರಸ್ತೆ ತುಂಬ ಕುರಿಗಳು. ಮುಂದೆ ಕಂಬಳಿ ಹೊದ್ದ ಹಿರಿಯ, ಹಿಂದೆ ಕೋಲು ಹಿಡಿದ ಹುಡುಗರು, ಪಕ್ಕಕ್ಕೆ ನಾಯಿಗಳು. ಕತ್ತೆಯ ಇಲ್ಲವೆ ಕುದುರೆಯ ಬೆನ್ನ ಮೇಲೆ ಬಲೆ, ಗೂಟ, ಪಾತ್ರೆ, ಜೋಳದ ಚೀಲ. ಅವುಗಳ ನಡುವೆ ಇನ್ನೂ ನಡೆಯಲಾರದ ಎಳೆಯ ಮರಿಗಳು. ಕತ್ತಲಾಗುವುದರೊಳಗೆ ಹಿಂಡು ಯಾವುದೋ ಹೊಲದಲ್ಲಿ, ಗುಡ್ಡದ ಬುಡದಲ್ಲಿ ಅಥವಾ ಹೊಳೆಯ ದಂಡೆಯಲ್ಲಿ ತಂಗುತ್ತದೆ. ಮೂರು ಕಲ್ಲಿನ ಒಲೆ ಹೊತ್ತುತ್ತದೆ. ನೆಲವೇ ಹಾಸಿಗೆ, ಕಂಬಳಿಯೇ ಮನೆ. ನಾಲ್ಕಾರು ದಿನ ಕಳೆದ ಮೇಲೆ ಅಲ್ಲಿ ಉಳಿಯುವುದು ಒಲೆಯ ಬೂದಿ ಮತ್ತು ಹಿಕ್ಕೆ ಮಾತ್ರ.

ರೈತ ಬಾಂಧವರೇ, ಈ ನೋಟ ನಮಗೆ ಹೊಸದಲ್ಲ. ಆದರೆ ಈ ಬೀಡನ್ನು ಎಲ್ಲಿ ಬಿಡಬೇಕೆಂಬ ವಿಷಯವನ್ನು ನಾವು ಕುರಿಗಾರನಿಗೇ ಬಿಟ್ಟು ಸುಮ್ಮನಾಗುತ್ತೇವೆ. ಒಳ್ಳೆಯ ಜಾಗದಲ್ಲಿ ನಿಂತ ಹಟ್ಟಿಯಿಂದ ಹೊಲವೂ ಬದುಕುತ್ತದೆ, ಹಿಂಡೂ ಬದುಕುತ್ತದೆ. ತಪ್ಪು ಜಾಗದಲ್ಲಿ ನಿಂತರೆ ಒಂದೇ ರಾತ್ರಿಯಲ್ಲಿ ಹಲವು ವರ್ಷಗಳ ದುಡಿಮೆ ಹೋಗಬಹುದು. ಆ ಜಾಗವನ್ನು ಬಲ್ಲವನು ಊರಿನ ರೈತನೇ ಆದುದರಿಂದ ಹೊಣೆಯಲ್ಲಿ ಅವನಿಗೂ ಪಾಲುಂಟು.

ಎರಡು ಹೊಳೆಗಳ ನಡುವಿನ ನಾಡು

ರಾಯಚೂರು ಸೀಮೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗ ತಾಲೂಕು ಕೃಷ್ಣೆಯ ಮಗ್ಗುಲಲ್ಲಿದೆ, ಮಾನ್ವಿಯ ಸೀಮೆ ತುಂಗಭದ್ರೆಯ ಕಡೆಗಿದೆ. ನಡುವೆ ಎರೆಭೂಮಿ, ಕೆಂಪು ಮಸಾರಿ ಮತ್ತು ಕಲ್ಲುಗುಡ್ಡಗಳು. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತ ಬೆಳೆಯುತ್ತದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ. ಉಳಿದೆಡೆ ಜೋಳ, ತೊಗರಿ, ಹತ್ತಿ. ಹೀಗೆ ಒಂದಲ್ಲ ಒಂದು ಕಡೆ ಕೂಳೆಯೋ ಬೀಳೋ ಸಿಗುವುದರಿಂದ ಕುರಿಗಾರರಿಗೆ ಇದು ಬಹುಕಾಲದ ದಾರಿ. ದನಕುರಿಗಳನ್ನು ಕೂಡುವ ತಾಣಕ್ಕೆ ದೊಡ್ಡಿ ಎನ್ನುತ್ತೇವೆ. ದೇವದುರ್ಗ, ಲಿಂಗಸುಗೂರು ತಾಲೂಕುಗಳ ಅನೇಕ ಸಣ್ಣ ಜನವಸತಿಗಳಿಗೆ ಇಂದಿಗೂ ದೊಡ್ಡಿ ಎಂಬ ಹೆಸರೇ ಇದೆ.

ಹಿಂಡಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕುರಿಗಳು ಕಾಣುತ್ತವೆ. ಕರಿಯ ಉಣ್ಣೆಯ ಡೆಕ್ಕನಿ ಕಂಬಳಿಗೂ ಮಾಂಸಕ್ಕೂ ಆಗುತ್ತದೆ. ಕೆಂಗಂದು ಮೈಯ ಕೆಂಗುರಿ ರಾಯಚೂರು ಸೀಮೆಯದೇ ತಳಿ. ಅದನ್ನು ಮಾಂಸಕ್ಕಾಗಿ ಸಾಕುತ್ತಾರೆ. ಎರಡೂ ದೂರ ನಡೆಯಬಲ್ಲವು, ಬಿಸಿಲು ತಾಳಬಲ್ಲವು.

ಒಂದು ರಾತ್ರಿಯ ಲೆಕ್ಕ

ಹೊಲದಲ್ಲಿ ಕುರಿ ತರುಬುವುದು ಹಿರಿಯರು ಕಂಡುಕೊಂಡ ಗೊಬ್ಬರದ ಪದ್ಧತಿ. ಕುರಿಗೊಬ್ಬರದಲ್ಲಿ ಸರಾಸರಿ ಶೇ. 3 ಸಾರಜನಕ, ಶೇ. 1 ರಂಜಕ, ಶೇ. 2 ಪೊಟ್ಯಾಷ್ ಇರುತ್ತವೆ. ಸಾಮಾನ್ಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ಶೇ. ಅರ್ಧದಷ್ಟು ಮಾತ್ರ. ತಿಪ್ಪೆಯಲ್ಲಿ ವ್ಯರ್ಥವಾಗುವ ಮೂತ್ರವೂ ಹೊಲದಲ್ಲಿ ತರುಬಿದಾಗ ನೇರವಾಗಿ ಮಣ್ಣಿಗೆ ಇಳಿಯುತ್ತದೆ.

ಬೆಳೆದ ಕುರಿಯೊಂದು ರಾತ್ರಿ ಕಾಲು ಕಿಲೋದಿಂದ ಅರ್ಧ ಕಿಲೋ ಹಿಕ್ಕೆ ಹಾಕುತ್ತದೆಂದು ಹಿಡಿಯೋಣ. 500 ಕುರಿಗಳ ಹಿಂಡಿನಿಂದ ರಾತ್ರಿಗೆ 125ರಿಂದ 250 ಕಿಲೋ ಆಯಿತು. ಕುರಿಗೆ ಒಂದು ಚದರ ಮೀಟರಿನಂತೆ ಬಲೆ ಕಟ್ಟಿ, ದಿನವೂ ಜಾಗ ಬದಲಿಸಿದರೆ ಎಕರೆ ಹೊಲವನ್ನು ಮುಗಿಸಲು ಸುಮಾರು 8 ರಾತ್ರಿ ಬೇಕು. ಅಷ್ಟರಲ್ಲಿ ಒಂದರಿಂದ ಎರಡು ಟನ್ ಹಸಿ ಹಿಕ್ಕೆ, ಜೊತೆಗೆ ಮೂತ್ರ, ಗಾಡಿಯ ಬಾಡಿಗೆಯಿಲ್ಲದೆ ಹೊಲದ ತುಂಬ ಹರಡಿರುತ್ತದೆ.

ಆದರೆ ಹಿಂಡು ಹೋದ ಮೇಲೆ ಹಿಕ್ಕೆಯನ್ನು ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಸಾರಜನಕ ಗಾಳಿಯ ಪಾಲಾಗುತ್ತದೆ. ಆದುದರಿಂದ ಒಂದೆರಡು ದಿನದಲ್ಲಿಯೇ ಕುಂಟೆ ಹೊಡೆದು ಮೇಲ್ಮಣ್ಣಿನಲ್ಲಿ ಬೆರೆಸಬೇಕು. ಹೊಳೆದಂಡೆಯಲ್ಲಿ ಬಳ್ಳಾರಿ ಜಾಲಿಯ ಕಾಯಿ ತಿಂದು ಬಂದ ಹಿಂಡಿನ ಹಿಕ್ಕೆಯಲ್ಲಿ ಜೀರ್ಣವಾಗದ ಕೆಲವು ಬೀಜಗಳಿರುತ್ತವೆ. ಮೊದಲ ಮಳೆಯ ನಂತರ ಹುಟ್ಟಿದ ಜಾಲಿಯ ಸಸಿಗಳನ್ನು ಚಿಕ್ಕವಿದ್ದಾಗಲೇ ಕೀಳಬೇಕು.

ಹತ್ತಿ ಬೆಳೆಗಾರರಿಗೆ ಇನ್ನೊಂದು ಲಾಭವಿದೆ. ಕೊನೆಯ ಹತ್ತಿ ಬಿಡಿಸಿದ ಮೇಲೆ ಗಿಡದಲ್ಲಿ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳುಗಳು ಅಡಗಿರುತ್ತವೆ. ಕುರಿಗಳು ಆ ಕಾಯಿಗಳನ್ನು ತಿನ್ನುವುದರಿಂದ ಮುಂದಿನ ಹಂಗಾಮಿಗೆ ದಾಟುವ ಹುಳುಗಳು ಕಡಿಮೆಯಾಗುತ್ತವೆ.

ಹೊಳೆಯ ದಂಡೆ

ಬೇಸಿಗೆಯಲ್ಲಿ ಕುರಿಗಾರರನ್ನು ಹೊಳೆ ಕರೆಯುತ್ತದೆ. ನೀರುಂಟು, ಜಾಲಿಯ ನೆರಳುಂಟು, ನಡುಗಡ್ಡೆಗಳಲ್ಲಿ ಹಸಿರುಂಟು. ಮುಂಗಾರು ಬಂದಮೇಲೂ ಅದೇ ರೂಢಿಯಿಂದ ಪಾತ್ರಕ್ಕೆ ಇಳಿಯುವುದೇ ಗಂಡಾಂತರ. ನಮ್ಮ ಊರಲ್ಲಿ ಹನಿ ಮಳೆ ಬೀಳದಿದ್ದರೂ ಹೊಳೆ ಏರಬಹುದು. ಕೃಷ್ಣೆಯ ನೀರು ಮಹಾರಾಷ್ಟ್ರದ ಘಟ್ಟಗಳಿಂದ, ತುಂಗಭದ್ರೆಯ ನೀರು ಮಲೆನಾಡಿನಿಂದ ಬರುತ್ತದೆ. ಮೇಲಿನ ಜಲಾಶಯಗಳ ಗೇಟು ತೆರೆದ ಹೊತ್ತೇ ನಮ್ಮ ಹೊಳೆಯ ಹೊತ್ತು.

ಇತ್ತೀಚಿನ ವರ್ಷಗಳಿಂದ ಕಲಿಯಬೇಕಾದುದು ಬಹಳವಿದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ, ಮಳೆಗಾಲ ಮುಗಿಯಿತೆಂದು ಎಲ್ಲರೂ ತಿಳಿದಿದ್ದಾಗ, ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿತು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯೂಸೆಕ್ಸ್‌ಗೂ ಮಿಕ್ಕಿ ನೀರು ಬಿಡಲಾಯಿತು; ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿತು. 2020ರ ಆಗಸ್ಟ್‌ನಲ್ಲಿ ನಾರಾಯಣಪುರ ಜಲಾಶಯದ ಕೆಳಗೆ ನದಿಯ ನಡುವೆ ಹಿಂಡು ಮೇಯಿಸಲು ಹೋಗಿದ್ದ ಕುರಿಗಾರನೊಬ್ಬ ನೀರು ಏರಿ ಸಿಕ್ಕಿಬಿದ್ದ. ಅವನನ್ನು ಪಾರುಮಾಡಲು ರಾಷ್ಟ್ರೀಯ ವಿಪತ್ತು ಪರಿಹಾರ ಪಡೆಯವರೇ ಬರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕಿತ್ತುಹೋಯಿತು. ಆಗ ಇತರ ಗೇಟುಗಳನ್ನೂ ತೆರೆದು ಲಕ್ಷ ಕ್ಯೂಸೆಕ್ಸ್ ಪ್ರಮಾಣದಲ್ಲಿ ನೀರು ಬಿಡಬೇಕಾಯಿತು. ಅಂಥ ರಾತ್ರಿಯಲ್ಲಿ ಹೊಳೆಯ ಉಸುಕಿನ ಮೇಲೆ ಮಲಗಿದವನ ಗತಿ ಏನಾದೀತು?

ಕುರಿ ನೀರಿಗೆ ಹೆದರುವ ಪ್ರಾಣಿ. ಉಣ್ಣೆ ನೆನೆದರೆ ಮೈಭಾರ ಹೆಚ್ಚಿ ಈಜಲಾರದು. ಒಂದು ನುಗ್ಗಿದ ಕಡೆಗೆ ಎಲ್ಲವೂ ನುಗ್ಗುವುದರಿಂದ ಹಿಂಡಿಗೆ ಹಿಂಡೇ ಹೋಗುತ್ತದೆ. ಆದುದರಿಂದ ಈ ನಿಯಮಗಳನ್ನು ಪಾಲಿಸುವುದು ಒಳ್ಳೆಯದು:

1. ಜೂನ್‌ನಿಂದ ಅಕ್ಟೋಬರ್ ಕೊನೆಯ ತನಕ ನದಿಯ ಪಾತ್ರದಲ್ಲಿ, ನಡುಗಡ್ಡೆಯಲ್ಲಿ, ಹಳ್ಳ ಹೊಳೆಗೆ ಸೇರುವ ಬಾಯಿಯಲ್ಲಿ ರಾತ್ರಿ ತಂಗಬಾರದು.
2. ಊರಿನ ಹಿರಿಯರನ್ನು ಕೇಳಿ 2009 ಮತ್ತು 2019ರಲ್ಲಿ ನೀರು ಎಲ್ಲಿಗೆ ಬಂದು ನಿಂತಿತ್ತೆಂದು ತಿಳಿಯಬೇಕು. ಬೀಡು ಆ ಗುರುತಿನ ಮೇಲಿರಬೇಕು.
3. ಕುರಿಗೆ ಹೊಳೆಯಲ್ಲಿ ನೀರು ಕುಡಿಸುವುದು ಹಗಲಿನ ಕೆಲಸ. ಮಲಗುವುದು ದಿಬ್ಬದ ಮೇಲೆ. ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ಆಳವಾದ ಮಡುವಿನ ಅಂಚನ್ನು ಬಿಟ್ಟು, ತೆಳುನೀರಿನ ಬಯಲು ಜಾಗದಲ್ಲಿ ಕುಡಿಸಬೇಕು. ಮಕ್ಕಳನ್ನು ಪಾತ್ರೆ ತೊಳೆಯಲು ಒಂಟಿಯಾಗಿ ಕಳಿಸಬಾರದು.
4. ನೀರು ಬಿಡುವ ಸುದ್ದಿ ಗ್ರಾಮ ಪಂಚಾಯತಿಗೆ ಬಂದೊಡನೆ, ಡಂಗುರ ಊರೊಳಗೆ ಮಾತ್ರ ಕೇಳಿಸಿದರೆ ಸಾಲದು. ಅಡವಿಯಲ್ಲಿರುವ ಹಟ್ಟಿಗೆ ಯಾರಾದರೂ ಹೋಗಿ ಹೇಳಬೇಕು. ಕುರಿಗಾರನ ಫೋನ್ ನಂಬರನ್ನು ಹೊಲದವರು ಬರೆದಿಟ್ಟುಕೊಂಡಿರಬೇಕು.

ಹೊಳೆಯಂಚಿನ ಜೌಗಿನಲ್ಲಿಯೂ ಬತ್ತದ ಗದ್ದೆಯಲ್ಲಿಯೂ ಇರುವ ಬಸವನಹುಳುಗಳಿಂದ ಪಿತ್ತಜನಕಾಂಗದ ಚಪ್ಪಟೆಹುಳು ಕುರಿಗೆ ಅಂಟುತ್ತದೆ. ಜೌಗಿನ ಹುಲ್ಲು ಮೇಯಿಸದಿರುವುದು, ಪಶುವೈದ್ಯರ ಸಲಹೆಯಂತೆ ಮಳೆಗಾಲದ ಮುಂಚೆ ಮತ್ತು ನಂತರ ಜಂತುನಾಶಕ ಕುಡಿಸುವುದು ಇದಕ್ಕೆ ಉಪಾಯ. ತೇವದ ನೆಲದಲ್ಲಿ ಬಹಳ ದಿನ ನಿಂತರೆ ಗೊರಸು ಕೊಳೆಯುತ್ತದೆ.

ಅಡವಿಯಂಚಿನ ಬೀಡು

ನಮ್ಮ ಜಿಲ್ಲೆಯಲ್ಲಿ ಅಡವಿ ಕಡಿಮೆ. ಇರುವುದು ಕುರುಚಲು ಮತ್ತು ಕಲ್ಲುಗುಡ್ಡ. ಅಲ್ಲಿ ಬೀಡು ಬಿಡುವವರು ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ತೋಳ. ಬಲೆಯ ಸುತ್ತ ಮುಳ್ಳಿನ ಬೇಲಿ, ಎಚ್ಚರದ ನಾಯಿ, ಮರಿಗಳಿಗೆ ನಡುವಿನ ಜಾಗ ಇವೇ ರಕ್ಷಣೆ. ಸತ್ತ ಕುರಿಗೆ ವಿಷ ಹಚ್ಚಿ ಇಡುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಅದರಿಂದ ಸ್ವಂತ ನಾಯಿಗಳೂ ಸಾಯುತ್ತವೆ. ಎರಡನೆಯದು ಬೆಂಕಿ. ಒಲೆಯ ಸುತ್ತ ಎರಡು ಮಾರು ನೆಲ ಕೆರೆದು ಹಸನು ಮಾಡಿ, ಹೊರಡುವಾಗ ನೀರು ಹಾಕಿ ಮಣ್ಣು ಮುಚ್ಚಬೇಕು. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಮೇಯಿಸುವುದಾಗಲಿ ಬೆಂಕಿ ಹಾಕುವುದಾಗಲಿ ಕೂಡದು. ಗಡಿ ಎಲ್ಲಿದೆಯೆಂದು ಪರಸ್ಥಳದವನಿಗೆ ತೋರಿಸುವುದು ಊರವರ ಕೆಲಸ. ಮೂರನೆಯದು ಸಿಡಿಲು. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಒಂಟಿ ಮರದ ಕೆಳಗೆ ಹಿಂಡು ಗುಂಪಾದರೆ ಒಂದೇ ಸಿಡಿಲಿಗೆ ಹತ್ತಾರು ಕುರಿ ಸಾಯುತ್ತವೆ, ಕಾಯುವವನೂ ಉಳಿಯುವುದಿಲ್ಲ. ಗುಡುಗು ಕೇಳಿದೊಡನೆ ಮರ ಬಿಟ್ಟು ತಗ್ಗಿನ ಬಯಲಿಗೆ ಬರಬೇಕು.

ಹೊಲದಲ್ಲಿ ಅಡಗಿದ ವಿಷ

ಹೊಳೆಯ ಗಂಡಾಂತರ ಕಣ್ಣಿಗೆ ಕಾಣುತ್ತದೆ. ಹೊಲದ ಗಂಡಾಂತರ ಕಾಣುವುದಿಲ್ಲ. ಬೀಡು ಬಿಡುವ ಮೊದಲು ಅನುಭವಸ್ಥ ಕುರಿಗಾರ ಕೇಳುವ ಮಾತು ಹೀಗಿರುತ್ತದೆ:

“ಹತ್ತಿಗೆ ಎಣ್ಣಿ ಯಾವಾಗ ಹೊಡಿಸೀರಿ ಗೌಡ್ರ?”

“ನಮ್ಮ ಹೊಲಕ್ಕ ಹೊಡದು ಎರಡು ತಿಂಗಳ ಆತು ನೋಡಣ್ಣ. ಆದ್ರ ಬದುವಿನ ಆಚೆ ಮೆಣಸಿನಕಾಯಿಗೆ ನಿನ್ನೆನ ಹೊಡದಾರ. ಆ ಕಡೆ ಬಿಡಬ್ಯಾಡ.”

ಇಂಥ ಒಂದು ಸತ್ಯವಾದ ಮಾತು ನೂರು ಕುರಿಗಳನ್ನು ಉಳಿಸುತ್ತದೆ. ಕೀಟನಾಶಕದ ಡಬ್ಬಿಯ ಮೇಲೆ ಬರೆದ ಅವಧಿ ಮುಗಿಯುವ ತನಕ ಆ ಹೊಲಕ್ಕೆ ಹಿಂಡು ಬಿಡಬಾರದು. ಸಿಂಪರಣೆಯ ಪಂಪು ತೊಳೆದ ನೀರು, ಯೂರಿಯಾ ಚೀಲ ನೆನೆಸಿದ ನೀರು ಕುರಿಯ ಬಾಯಿಗೆ ಸಿಗಬಾರದು.

ಜೋಳದ ಹೊಲದಲ್ಲಿ ಇನ್ನೂ ಎಚ್ಚರ ಬೇಕು. ಒಣಗಿದ ದಂಟು, ರವದಿಗಳಿಂದ ಭಯವಿಲ್ಲ. ಆದರೆ ಕೊಯ್ಲಿನ ನಂತರ ಹನಿ ಮಳೆ ಬಿದ್ದು ಕೂಳೆ ಚಿಗುರಿದರೆ, ಅಥವಾ ಎಳೆಯ ಬೆಳೆ ನೀರಿಲ್ಲದೆ ಬಾಡಿದ್ದರೆ, ಆ ಎಲೆಯಲ್ಲಿ ಸಯನೈಡ್ ವಿಷ ಉಂಟಾಗುತ್ತದೆ. ಹಸಿದ ಕುರಿ ತಿಂದರೆ ಏದುಸಿರು ಬಿಟ್ಟು, ನಡುಗಿ, ನಿಮಿಷಗಳಲ್ಲಿ ಬೀಳುತ್ತದೆ. ಇದಕ್ಕೆ ಮನೆಮದ್ದು ನಂಬಿ ಕೂಡಬಾರದು. ಚುಚ್ಚುಮದ್ದು ಉಂಟು, ಆದರೆ ತಡವಾದರೆ ಫಲವಿಲ್ಲ. ಪಶುಸಂಚಾರಿ ವಾಹನಕ್ಕೆ 1962 ನಂಬರಿಗೆ ಕರೆಮಾಡಬೇಕು. ಹಿಂಡನ್ನು ಕೂಡಲೇ ಹೊಲದಿಂದ ಹೊರಗೆ ಹೊಡೆಯಬೇಕು.

ರೋಗದ ವಿಷಯದಲ್ಲಿಯೂ ಎರಡು ಕಡೆಯವರ ಹಿತ ಒಂದೇ. ಕರುಳುಬೇನೆಗೆ ಮಳೆಗಾಲದ ಮುಂಚೆ ಲಸಿಕೆ ಆಗಿದೆಯೇ, ಹಿರೇಬೇನೆ ಎನ್ನುವ ಪಿ.ಪಿ.ಆರ್. ರೋಗಕ್ಕೂ ನೀಲಿನಾಲಿಗೆಗೂ ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಿಯೇ ಹೊಲದಲ್ಲಿ ಇಳಿಸಬೇಕು. ಊರಿನ ಕುರಿ, ಆಡುಗಳಿಗೂ ಲಸಿಕೆ ಆಗಿರಬೇಕು. ಸತ್ತ ಕುರಿಯನ್ನು ಹೊಳೆಗೆ ಎಸೆಯದೆ, ಪಶುವೈದ್ಯರಿಗೆ ತೋರಿಸಿ ಮರಣೋತ್ತರ ಪರೀಕ್ಷೆ ಮಾಡಿಸಿ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಸರ್ಕಾರದ ‘ಅನುಗ್ರಹ’ ಯೋಜನೆಯ ಪರಿಹಾರ ಕೇಳುವುದಕ್ಕೂ ಈ ಪರೀಕ್ಷೆ ನೆರವಾಗುತ್ತದೆ. ದೊಡ್ಡ ಕುರಿಗೆ 5,000 ರೂ. ಇದ್ದ ಈ ಪರಿಹಾರವನ್ನು 2025-26ರ ಆಯವ್ಯಯದಲ್ಲಿ 7,500 ರೂ.ಗೆ ಏರಿಸಲಾಯಿತು.

ಬಾಯಿಮಾತಿನ ಕರಾರು

ರೈತನಿಗೂ ಕುರಿಗಾರನಿಗೂ ನಡುವೆ ಕಾಗದವಿಲ್ಲ. ಎಷ್ಟು ರಾತ್ರಿ, ಎಷ್ಟು ಕುರಿ, ಕೊಡುವುದು ಕಾಳೋ ಹಣವೋ ಎಂಬುದೆಲ್ಲ ಬಾಯಿಮಾತು. ಆ ಮಾತಿಗೆ ಇನ್ನು ಮೂರನ್ನು ಸೇರಿಸೋಣ: ಹಿಂಡು ಎಲ್ಲಿ ಮಲಗಬೇಕು, ಎಲ್ಲಿ ನೀರು ಕುಡಿಯಬೇಕು, ಯಾವ ಹೊಲಕ್ಕೆ ಹೋಗಬಾರದು. ಹಟ್ಟಿಯಲ್ಲಿ ಹೆಂಗಸರು, ಮಕ್ಕಳು ಇರುತ್ತಾರೆಂಬುದನ್ನು ನೆನೆದು ಬೋರ್‌ವೆಲ್ಲಿನಿಂದ ಎರಡು ಕೊಡ ಕುಡಿಯುವ ನೀರನ್ನೂ, ಮಳೆಯ ರಾತ್ರಿ ಕಣದ ಚಪ್ಪರದ ಆಸರೆಯನ್ನೂ ಕೊಡೋಣ. ಬೆಳೆ ಮೇಯ್ದ ಜಗಳಗಳು ಬಡಿದಾಟಕ್ಕೆ ಹೋಗದೆ ಹಿರಿಯರ ಮುಂದೆ ತೀರಲಿ. ಸಂಚಾರಿ ಕುರಿಗಾರರ ಮೇಲಿನ ದೌರ್ಜನ್ಯ ತಡೆಯುವುದಕ್ಕಾಗಿಯೇ ರಾಜ್ಯದ ವಿಧಾನಮಂಡಲವು 2025ರಲ್ಲಿ ಪ್ರತ್ಯೇಕ ವಿಧೇಯಕವನ್ನು ಅಂಗೀಕರಿಸಿತು. ವಿಶ್ವಸಂಸ್ಥೆಯು 2026ನೆಯ ಇಸವಿಯನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ.

ಆದರೆ ಕಾಯಿದೆ ಬರುವುದಕ್ಕಿಂತ ಮುಂಚೆಯೇ ಹೊಲದ ಬದುವಿಗೆ ಬಂದು ನಿಂತವನು ರೈತ. ಈ ಸಲ ಹಿಂಡು ನಿಮ್ಮೂರ ಹೊಳೆಯ ಕಡೆ ಇಳಿಯುವುದನ್ನು ಕಂಡರೆ, “ಅಣ್ಣಾ, ಅಲ್ಲಿ ಬ್ಯಾಡ, ನಮ್ಮ ಮ್ಯಾಲಿನ ಹೊಲಕ್ಕ ಬರ್ರಿ” ಎಂದು ಕರೆಯಿರಿ. ಅವನ ಹಿಂಡು ಉಳಿಯುತ್ತದೆ, ಮುಂದಿನ ಹಿಂಗಾರಿಗೆ ನಿಮ್ಮ ಜೋಳ ಎದ್ದು ನಿಲ್ಲುತ್ತದೆ.