ಸೀಸದಕಡ್ಡಿಯಲ್ಲಿ ಅಠಾರಾ ಕಚೇರಿ

ಬೆಂಗಳೂರಿನ ಅಠಾರಾ ಕಚೇರಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ವಿಧಾನಸೌಧದ ಎದುರಿಗೆ, ಕಬ್ಬನ್ ಉದ್ಯಾನದ ಅಂಚಿಗೆ ನಿಂತಿರುವ ಎರಡಂತಸ್ತಿನ ಕೆಂಪು ಕಟ್ಟಡವದು. 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿದ ಅಲ್ಲಿ ಹದಿನೆಂಟು ಇಲಾಖೆಗಳಿದ್ದುದರಿಂದ ಈ ಹೆಸರು. ಈಗ ಅಲ್ಲಿರುವುದು ಉಚ್ಚ ನ್ಯಾಯಾಲಯ. ಈ ಕಟ್ಟಡವನ್ನು ಸೀಸದಕಡ್ಡಿಯಿಂದ ಬರೆದ ಚಿತ್ರವೊಂದು ನಿಮ್ಮ ಕೈಗೆ ಬಂದರೆ ಹೇಗೆ ನೋಡುವಿರಿ? “ಥೇಟು ಫೋಟೋದಂತಿದೆ” ಎಂದು ಪಕ್ಕಕ್ಕಿಡುವವರೇ ಹೆಚ್ಚು. ಹಾಗೆ ಮಾಡಿದರೆ ಚಿತ್ರಗಾರನ ಶ್ರಮದಲ್ಲಿ ಅರ್ಧಪಾಲು ನಮ್ಮ ಕಣ್ಣಿಗೆ ಬೀಳಲಿಲ್ಲವೆಂದೇ ಅರ್ಥ.

ಮೊದಲು ಬಣ್ಣದ ಮಾತು. ಕಟ್ಟಡದ ಗುರುತೇ ಕೆಂಪು. ಕಡ್ಡಿಗೆ ಗೊತ್ತಿರುವುದು ಬೂದು ಮಾತ್ರ. ಸೀಸದಕಡ್ಡಿ ಎಂದರೂ ಅದರಲ್ಲಿ ಸೀಸವಿಲ್ಲ; ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟದ್ದು ಅದು. ಮಣ್ಣು ಹೆಚ್ಚಾದರೆ ಕಡ್ಡಿ ಗಟ್ಟಿ, ಗೆರೆ ತೆಳು. ಕಡಮೆಯಾದರೆ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ಈ ಏರಿಳಿತದಿಂದಲೇ ಗೋಡೆಯ ಕೆಂಪನ್ನೂ ಮರದ ಹಸಿರನ್ನೂ ಬೇರ್ಪಡಿಸಿ ತೋರಿಸಬೇಕು.

ಆಮೇಲೆ ಕಂಬಗಳನ್ನು ನೋಡಿ. ತುದಿಯಲ್ಲಿ ಟಗರಿನ ಕೊಂಬಿನಂತೆ ಸುರುಳಿಗೊಂಡ, ಗ್ರೀಕ್ ಮಾದರಿಯ ಅಯೋನಿಕ್ ಕಂಬಗಳವು. ಬಿಸಿಲು ಬಿದ್ದ ಕಡೆ ಚಿತ್ರಗಾರ ಏನನ್ನೂ ಬರೆದಿರುವುದಿಲ್ಲ. ಬರಿಯ ಕಾಗದವೇ ಅಲ್ಲಿ ಬಿಸಿಲು. ಇನ್ನೊಂದು ಮಗ್ಗುಲಿಗೆ ನೆರಳು ಮೆಲ್ಲನೆ ದಟ್ಟವಾದಾಗಲೇ ಕಂಬ ಗುಂಡಗೆ ಕಾಣುವುದು. ಕಂಬಗಳ ಹಿಂದಿನ ಜಗಲಿ ಸಾಕಷ್ಟು ಕಪ್ಪಾಗಿದ್ದರೆ ಅದರ ಆಳವೂ ತಂಪೂ ನಮಗೆ ತಿಳಿಯುತ್ತವೆ. ಬಳಿಕ ಸೂರಿನ ಗೆರೆಯ ಮೇಲೆ ಕಣ್ಣೋಡಿಸಿ. ಓರೆಯಾಗಿ ನಿಂತು ಬರೆದ ಚಿತ್ರವಾದರೆ ಸೂರಿನ ಗೆರೆ ಇಳಿಯುತ್ತ, ಪಾಯದ ಗೆರೆ ಏರುತ್ತ ದೂರದಲ್ಲಿ ಒಂದೇ ಬಿಂದುವಿನತ್ತ ಸಾಗಬೇಕು. ಸಾಗದಿದ್ದರೆ ಕಟ್ಟಡ ವಾಲಿದಂತಾಗುತ್ತದೆ.

ಕೊನೆಗೆ, ಬಿಟ್ಟದ್ದನ್ನು ಗಮನಿಸಿ. ಕಿಟಕಿಗಳೆಲ್ಲವನ್ನೂ ಒಂದೇ ಸಮನೆ ತಿದ್ದಿದರೆ ಅದು ಓವರ್ಸಿಯರನ ನಕ್ಷೆ. ನಾಲ್ಕನ್ನು ಸ್ಪಷ್ಟವಾಗಿ ಬರೆದು ಉಳಿದವನ್ನು ಸೂಚಿಸಿದರೆ ನಮ್ಮ ಕಣ್ಣೇ ಮಿಕ್ಕದ್ದನ್ನು ತುಂಬಿಕೊಳ್ಳುತ್ತದೆ.

ಇಷ್ಟೆಲ್ಲ ನೋಡಿ ಪ್ರಯೋಜನವೇನೆಂದು ಕೇಳಬಹುದು. 1980ರ ದಶಕದಲ್ಲಿ ಈ ಕಟ್ಟಡವನ್ನೇ ಕೆಡವುವ ಮಾತು ಬಂದಿತ್ತು. ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು, ಕಟ್ಟಡ ಉಳಿಯಿತು. ದಿನವೂ ಹಾದುಹೋಗುವ ಕಟ್ಟಡವನ್ನು ನಾವು ನೋಡುವುದೇ ಅಪರೂಪ. ನೋಡದೆ ಇದ್ದುದನ್ನು ಕಳೆದುಕೊಂಡರೆ ಕಳೆದದ್ದೂ ತಿಳಿಯದು. ಒಳ್ಳೆಯ ಚಿತ್ರ ನಮ್ಮನ್ನು ನಿಲ್ಲಿಸಿ ನೋಡಿಸುತ್ತದೆ. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಯಾವ ಕಂಬದ ಮೇಲೆ ಬಿಸಿಲಿದೆಯೆಂದು ನೀವೇ ನೋಡಿ.