ಗ್ರೀಕ್ ಬಲ್ಲವರಿಗೆ ಕೆಲಸ ಎಲ್ಲಿದೆ?

ಬೆಂಗಳೂರು ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಾಲಜಿಕಲ್ ಕಾಲೇಜು ಇದೆ. ಹಲವು ಪ್ರಾಟೆಸ್ಟೆಂಟ್ ಮಿಷನ್‌ಗಳು ಒಟ್ಟುಗೂಡಿ 1910ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ಪಾದ್ರಿಗಳಾಗುವವರೂ ದೇವತಾಶಾಸ್ತ್ರದ ಅಧ್ಯಾಪಕರಾಗುವವರೂ ಇಲ್ಲಿ ಓದುತ್ತಾರೆ. ಆ ರಸ್ತೆಯಲ್ಲಿ ದಿನವೂ ಓಡಾಡುವ ಬಹಳಷ್ಟು ಮಂದಿಗೆ ಗೊತ್ತಿರದ ಸಂಗತಿ ಒಂದುಂಟು. ಈ ಊರಿನಲ್ಲಿ ಗ್ರೀಕ್ ಭಾಷೆಯನ್ನು ಅಕ್ಷರಮಾಲೆಯಿಂದ ಶುರುಮಾಡಿ ಕಲಿಸುವ, ಅದಕ್ಕಾಗಿ ಸಂಬಳ ಪಡೆಯುವ ಮೇಷ್ಟರನ್ನು ಹುಡುಕಿ ಹೊರಟವರು ಕೊನೆಗೆ ಬಂದು ನಿಲ್ಲುವುದು ಇಂಥ ಗೇಟಿನ ಮುಂದೆಯೇ.

ಕಾರಣ ಸರಳ. ಬೈಬಲಿನ ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ಗ್ರೀಕಿನಲ್ಲಿ. ಅದನ್ನು ಮೂಲದಲ್ಲಿ ಓದಬೇಕೆಂಬುದು ಪ್ರಾಟೆಸ್ಟೆಂಟ್ ವಿದ್ಯಾಭ್ಯಾಸದ ಹಳೆಯ ಹಟ. ಈಶಾನ್ಯಕ್ಕೆ ಕೊತ್ತನೂರಿನಲ್ಲಿರುವ 'ಸಯಾಕ್ಸ್' ಎಂಬ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೂ ಇದೇ ಕತೆ. ವಿದ್ಯಾರ್ಥಿ ಮೊದಲು ಉರು ಹೊಡೆಯುವ ಕ್ರಿಯಾಪದ ಸಾಮಾನ್ಯವಾಗಿ 'ಲೂಓ', ಎಂದರೆ 'ಬಿಚ್ಚುತ್ತೇನೆ'. ನಮ್ಮ ಸಂಸ್ಕೃತ ಪಾಠಶಾಲೆಯ 'ಭವತಿ, ಭವತಃ, ಭವಂತಿ' ಇದ್ದ ಹಾಗೆ. ಆದರೆ ಇಲ್ಲಿ ಕಲಿಸುವುದು 'ಕೊಯಿನೆ' ಎಂಬ ಆಡುಗ್ರೀಕ್. ಸೋಫೋಕ್ಲಿಸ್, ಪ್ಲೇಟೋ ಬರೆದ ಅಥೆನ್ಸಿನ ಗ್ರೀಕ್ ಅದಕ್ಕಿಂತ ನಾಲ್ಕೈದು ಶತಮಾನ ಹಿಂದಿನದು, ಹೆಚ್ಚು ಕಠಿಣ. ಕೊಯಿನೆ ಕಲಿತವನಿಗೆ ಬಾಗಿಲು ತೆರೆದಿರುತ್ತದೆ, ಒಳಗೆ ನಡೆಯುವ ಶ್ರಮ ಬೇರೆಯೇ.

ಲ್ಯಾಟಿನ್ ಕೂಡ ಒಂದು ಕಾಲಕ್ಕೆ ಈ ಭಾಗದಲ್ಲಿ ಕಿವಿಗೆ ಪರಿಚಿತವಾಗಿತ್ತು. 1960ರ ದಶಕದಲ್ಲಿ ಎರಡನೆಯ ವ್ಯಾಟಿಕನ್ ಸಮಾವೇಶ ಆಯಾ ನಾಡಿನ ಭಾಷೆಗಳಿಗೆ ಅವಕಾಶ ಕೊಡುವವರೆಗೆ ಶಿವಾಜಿನಗರದ ಸೇಂಟ್ ಮೇರಿ ಚರ್ಚಿನಲ್ಲಿ ಪೂಜೆ ನಡೆಯುತ್ತಿದ್ದುದು ಲ್ಯಾಟಿನ್‌ನಲ್ಲಿಯೇ.

ಹಾಗಾದರೆ ವಿಶ್ವವಿದ್ಯಾಲಯಗಳ ಮಾತೇನು? ಇಂಗ್ಲಿಷ್ ಎಂ.ಎ. ತರಗತಿಯಲ್ಲಿಯೂ ಕನ್ನಡ ಎಂ.ಎ. ತರಗತಿಯಲ್ಲಿಯೂ ಅರಿಸ್ಟಾಟಲನ ಕಾವ್ಯಮೀಮಾಂಸೆ ಪಾಠವಾಗುತ್ತದೆ, ಅನುವಾದದ ಮೂಲಕ. ಮೂಲವನ್ನು ಓದಬಲ್ಲವರಿಗೆ ಹುದ್ದೆ ಇಲ್ಲ. ಕಾಲೇಜು ಅಧ್ಯಾಪಕರಾಗಲು ಬರೆಯುವ 'ನೆಟ್' ಪರೀಕ್ಷೆಯ ಪಟ್ಟಿಯಲ್ಲಿ ಸಂಸ್ಕೃತ, ಪಾಳಿ, ಪ್ರಾಕೃತ, ಅರಬ್ಬಿ, ಪಾರ್ಸಿ ಎಲ್ಲವೂ ಇವೆ. ಗ್ರೀಕ್ ಮತ್ತು ಲ್ಯಾಟಿನ್ ಇಲ್ಲ. ಪರೀಕ್ಷೆ ಇಲ್ಲದ್ದರಿಂದ ಹುದ್ದೆ ಇಲ್ಲ, ಹುದ್ದೆ ಇಲ್ಲದ್ದರಿಂದ ವಿದ್ಯಾರ್ಥಿ ಇಲ್ಲ, ವಿದ್ಯಾರ್ಥಿ ಇಲ್ಲದ್ದರಿಂದ ಪರೀಕ್ಷೆ ಇಲ್ಲ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ 2000ರಲ್ಲಿ ಗ್ರೀಕ್ ಅಧ್ಯಯನ ಪೀಠವೊಂದು ಆರಂಭವಾಯಿತು. ಕಾಶಿಯಲ್ಲಿ ನೆಲೆಸಿ ಸಂಸ್ಕೃತ ಕಲಿತ ಗ್ರೀಕ್ ವಿದ್ವಾಂಸ ದಿಮಿತ್ರಿಯಸ್ ಗಲಾನೋಸನ ಹೆಸರು ಅದಕ್ಕೆ.

ಇಲ್ಲದಿದ್ದರೆ ಕನ್ನಡಕ್ಕೇನು ನಷ್ಟ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರ ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ ಒಂದು ಹರಕು ಪಪೈರಸ್ ಹಾಳೆಯಲ್ಲಿದೆ.

ಆಕ್ಸ್‌ಫರ್ಡಿನ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಆಕ್ಸಿರಿಂಕಸ್ ಎಂಬ ಹಾಳೂರಿನ ತಿಪ್ಪೆಗಳನ್ನು ಅಗೆದು ಸಾವಿರಾರು ಹಾಳೆಗಳನ್ನು ಹೊರತೆಗೆದರು. 1903ರಲ್ಲಿ ಪ್ರಕಟವಾದ ಮೂರನೆಯ ಸಂಪುಟದ 413ನೆಯ ಸಂಖ್ಯೆ ಒಂದು ಗ್ರೀಕ್ ಪ್ರಹಸನ. ಹಾಳೆಯ ಕಾಲ ಕ್ರಿ.ಶ. ಸುಮಾರು 2ನೆಯ ಶತಮಾನ. ಚಾರಿಷನ್ ಎಂಬ ಗ್ರೀಕ್ ಯುವತಿ ಭಾರತದ ಕರಾವಳಿಯಲ್ಲಿ ಸೆರೆಸಿಕ್ಕಿದ್ದಾಳೆ. ಚಂದ್ರದೇವತೆಗೆ ಬಲಿಯಾಗಬೇಕಾದವಳು. ಅಣ್ಣ ಹಡಗಿನಲ್ಲಿ ಬಂದು ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಪಾರುಮಾಡುತ್ತಾನೆ. ನಡುವೆ ವಿದೂಷಕನ ಅಪಾನವಾಯುವಿನ ಹಾಸ್ಯವೂ ಧಾರಾಳವಾಗಿದೆ. ಎರಡು ಸಾವಿರ ವರ್ಷ ಹಿಂದಿನ ಪ್ರೇಕ್ಷಕರ ಅಭಿರುಚಿ ಇಂದಿನದಕ್ಕಿಂತ ಬಹಳ ಭಿನ್ನವೇನಲ್ಲ!

ಈ ನಾಟಕದಲ್ಲಿ ಭಾರತದ ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಬರೆದವರು ಜರ್ಮನಿಯ ಇ. ಹುಲ್ಟ್ಷ್. ಮದರಾಸು ಸರ್ಕಾರದ ಶಾಸನತಜ್ಞರಾಗಿ ದಕ್ಷಿಣ ಭಾರತದ ಶಾಸನಗಳನ್ನು ವರ್ಷಗಟ್ಟಲೆ ಓದಿದ್ದವರು. ಕೊಂಚ, ಮಧು, ಪಾತ್ರೆ ಮುಂತಾದ ಪದಗಳು ಅವರಿಗೆ ಅಲ್ಲಿ ಕಂಡವು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಈ ವಾದವನ್ನು ಮುಂದುವರಿಸಿದರು; ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ಬರೆದರು. ಬ್ರಿಟಿಷ್ ಮ್ಯೂಸಿಯಮ್ಮಿನ ಎಲ್.ಡಿ. ಬಾರ್ನೆಟ್ 1926ರಲ್ಲಿ ಒಪ್ಪಲಿಲ್ಲ. 1985ರಲ್ಲಿ ಅದು ತುಳು ಎಂಬ ವಾದವೂ ಬಂತು.

ಜಗಳ ಇತ್ಯರ್ಥವಾಗದಿರುವುದಕ್ಕೆ ಕಾರಣಗಳಿವೆ. ಆ ಕಾಲದ ಗ್ರೀಕ್ ಬರವಣಿಗೆಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಎಲ್ಲಿ ಒಡೆಯಬೇಕೆಂಬುದು ಓದುವವನ ಊಹೆ. ಗ್ರೀಕ್ ಲಿಪಿಯಲ್ಲಿ ಚಕಾರವಿಲ್ಲ, ಹಕಾರಕ್ಕೆ ಅಕ್ಷರವಿಲ್ಲ, ತಕಾರ-ಟಕಾರ, ಲಕಾರ-ಳಕಾರಗಳ ಭೇದವಿಲ್ಲ. ಕಿವಿಯಲ್ಲಿ ಕೇಳಿದ ಕನ್ನಡವನ್ನು ಅಂಥ ಲಿಪಿಯಲ್ಲಿ ಇಳಿಸಿದರೆ ಏನಾದೀತು ಎಂಬುದನ್ನು ಓದುಗರೇ ಕಲ್ಪಿಸಿಕೊಳ್ಳಬಹುದು. ಇನ್ನೊಂದು ಕಡೆಯಿಂದ, ಕನ್ನಡದ ಮೊದಲ ದೊಡ್ಡ ಆಧಾರವೆನಿಸಿದ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಅದಕ್ಕೂ ಎರಡು-ಮೂರು ಶತಮಾನ ಮುಂಚಿನ ಕನ್ನಡ ಹೇಗಿತ್ತು? 'ಪಾಲು' 'ಹಾಲು' ಆದದ್ದು ಇನ್ನೂ ಎಷ್ಟೋ ಕಾಲದ ನಂತರ. ಇಂದಿನ ಕನ್ನಡದ ರೂಪಗಳನ್ನು ಆ ಹಾಳೆಯಲ್ಲಿ ಕಾಣುವವರು ಈ ಮಾತನ್ನು ಮರೆಯುವುದೇ ಹೆಚ್ಚು.

ಎಂದರೆ ಬೇಕಾದದ್ದು ಪಪೈರಸ್ಸಿನ ಗ್ರೀಕನ್ನೂ ಶಾಸನಗಳ ಪೂರ್ವದ ಹಳಗನ್ನಡವನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡ ವ್ಯಕ್ತಿ. ಹುಲ್ಟ್ಷ್ ಕಾಲದ ಜರ್ಮನಿಯಲ್ಲಿ ಅದು ಅಸಾಧ್ಯವಿರಲಿಲ್ಲ. ಅಲ್ಲಿ ಓದಿದವರಿಗೆ ಗ್ರೀಕ್, ಲ್ಯಾಟಿನ್ ಶಾಲೆಯಲ್ಲೇ ಬಂದುಬಿಡುತ್ತಿತ್ತು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಕೂಡ ಅದೇ ಬಗೆಯ ಶಾಲೆಯಲ್ಲಿ ಬೆಳೆದವರು. ಇಂದು ಅಂಥವರನ್ನು ತಯಾರು ಮಾಡುವ ಏರ್ಪಾಡು ಇಲ್ಲಿಲ್ಲ. ಬನವಾಸಿಯ ಹೆಸರು ಬರುವ ಟಾಲೆಮಿಯ ಭೂಗೋಳ ಗ್ರೀಕಿನಲ್ಲಿದೆ, ಎಚ್.ಎ.ಎಲ್. ಮತ್ತು ಯಶವಂತಪುರ ಪ್ರದೇಶಗಳಲ್ಲಿ ಸಿಕ್ಕಿದ ರೋಮನ್ ಚಕ್ರವರ್ತಿಗಳ ನಾಣ್ಯಗಳ ಮೇಲಿನ ಅಕ್ಷರ ಲ್ಯಾಟಿನ್.

ಕನ್ನಡ ಸಾಹಿತ್ಯವಂತೂ ಗ್ರೀಕರನ್ನು ಕೈಬಿಟ್ಟಿಲ್ಲ. ಸೋಫೋಕ್ಲಿಸನ 'ಅಜಾಕ್ಸ್' ಬಿ.ಎಂ.ಶ್ರೀ. ಅವರ ಕೈಯಲ್ಲಿ 1929ರಲ್ಲಿ 'ಅಶ್ವತ್ಥಾಮನ್' ಆಯಿತು; ಈಸ್ಕಿಲಸನ ನಾಟಕ 1935ರಲ್ಲಿ 'ಪಾರಸಿಕರು' ಆಗಿ ಬಂತು. ಲಂಕೇಶರು ಈಡಿಪಸ್ ಮತ್ತು ಅಂತಿಗೊನೆಯರನ್ನು ಕನ್ನಡಕ್ಕೆ ತಂದರು. ಉತ್ಸಾಹಕ್ಕೆ ಕೊರತೆ ಇರಲಿಲ್ಲ, ಪೀಠಕ್ಕೆ ಇತ್ತು.

ವಿದೇಶಕ್ಕೆ ಹೋದರಾಯಿತು ಎನ್ನುವುದೂ ಸುಲಭವಲ್ಲ. ಅಮೆರಿಕದಲ್ಲಿ ಈ ವಿದ್ಯೆಯ ಅಧ್ಯಾಪಕರ ಸಂಘ 1869ರಷ್ಟು ಹಳೆಯದು. ಜನವರಿಯಲ್ಲಿ ನಡೆಯುವ ಅದರ ವಾರ್ಷಿಕ ಸಮ್ಮೇಳನ ಬಹುಕಾಲ ಪ್ರಬಂಧಗಳ ಸಂತೆಯೂ ಹೌದು, ಕೆಲಸದ ಸಂತೆಯೂ ಹೌದು: ಮೇಲೆ ಸಭಾಂಗಣದಲ್ಲಿ ಹೋಮರ್, ಕೆಳಗೆ ಹೋಟೆಲ್ ಕೋಣೆಯಲ್ಲಿ ಸಂದರ್ಶನ. ಟಿಕೆಟ್, ವೀಸಾ, ನೋಂದಣಿ ಶುಲ್ಕ ಎಲ್ಲವನ್ನೂ ಭರಿಸಿ ಹೋದವನಿಗೆ ಅಲ್ಲಿಯೂ ಹುದ್ದೆಗಳು ಕರಗುತ್ತಿರುವ ದೃಶ್ಯವೇ ಕಾಣಸಿಗುತ್ತದೆ. ವಾಷಿಂಗ್‌ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ 2021ರಲ್ಲಿ ತನ್ನ ಗ್ರೀಕ್-ಲ್ಯಾಟಿನ್ ವಿಭಾಗವನ್ನು ಮುಚ್ಚಲು ನಿರ್ಧರಿಸಿತು. ಅದೇ ವರ್ಷ ಪ್ರಿನ್ಸ್‌ಟನ್, ಈ ವಿಷಯದಲ್ಲಿ ಪದವಿ ಪಡೆಯುವವರು ಆ ಭಾಷೆಗಳನ್ನು ಕಲಿಯಲೇಬೇಕೆಂಬ ನಿಯಮವನ್ನು ಕೈಬಿಟ್ಟಿತು.

ಗ್ರೀಕ್ ಓದಿ ಆನಂತರ ಸಂಸ್ಕೃತಕ್ಕೂ ಹಳಗನ್ನಡಕ್ಕೂ ಬಂದ ಅಮೆರಿಕನ್ ವಿದ್ವಾಂಸ ಶೆಲ್ಡನ್ ಪೊಲಾಕ್ 2008ರಲ್ಲಿ, ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕ ದಿನಗಳಲ್ಲಿಯೇ, ಹಳೆಯ ಪಠ್ಯಗಳನ್ನು ಓದಬಲ್ಲವರ ಸಂಖ್ಯೆ ಕುಸಿಯುತ್ತಿರುವುದರತ್ತ ಬೊಟ್ಟುಮಾಡಿದ್ದರು. ಸ್ಥಾನ ಸಿಕ್ಕಿದೆ, ಮೈಸೂರಿನಲ್ಲಿ ಕೇಂದ್ರವೂ ಆಗಿದೆ. ಆದರೆ 413ನೆಯ ಹಾಳೆಯ ಕನ್ನಡ ಮಗ್ಗುಲಿಗೂ ಗ್ರೀಕ್ ಮಗ್ಗುಲಿಗೂ ಒಟ್ಟಿಗೆ ಕೂರಬಲ್ಲವರನ್ನು ಕರೆಯುವ ಜಾಹೀರಾತು ಇನ್ನೂ ಪ್ರಕಟವಾಗಿಲ್ಲ. ಮಿಲ್ಲರ್ಸ್ ರಸ್ತೆಯಲ್ಲಿ ಗ್ರೀಕ್ ಕಲಿತವರಲ್ಲಿ ಹೆಚ್ಚಿನವರು ಸಭಾಪಾಲಕರಾಗಿ ಊರುಗಳಿಗೆ ಹೋಗುತ್ತಾರೆ. ಕೆಲವರು ಮಹಾತ್ಮ ಗಾಂಧಿ ರಸ್ತೆಯ ಬೈಬಲ್ ಸೊಸೈಟಿಯಂಥ ಕಡೆ ಅನುವಾದದ ಕೆಲಸಕ್ಕೆ ಕೂಡುತ್ತಾರೆ.