ದೃಷ್ಟಿ ಹೋದ ಮೇಲೆ ಆಟದ ಒಲವು

ಒಬ್ಬರಿಗೆ ದೃಷ್ಟಿ ನಷ್ಟವಾಯಿತೆಂದರೆ ಮನೆಯವರ ಮನಸ್ಸು ಮೊದಲು ಔಷಧೋಪಚಾರದ ಕಡೆಗೆ ತಿರುಗುವುದು. ತರುವಾಯ ವಿದ್ಯಾಭ್ಯಾಸ, ಉದ್ಯೋಗ, ಸಂಸಾರ ಇವುಗಳ ಚಿಂತೆ ಹತ್ತುವುದು. ಆಟಪಾಟಗಳ ವಿಷಯವನ್ನು ಎತ್ತುವವರು ವಿರಳ. ಅಷ್ಟೇ ಅಲ್ಲ, ಹುಡುಗಿಯೊಬ್ಬಳು ವರುಷಗಟ್ಟಲೆ ಅಕ್ಕರೆಯಿಂದ ಕೂಡಿಸಿಟ್ಟ ಚಿತ್ರದ ಎಲೆಗಳು ಇನ್ನು ಅವಳ ಮನಸ್ಸನ್ನು ನೋಯಿಸುವುವೆಂದೆಣಿಸಿ, ಹಿರಿಯರು ಕನಿಕರದಿಂದಲೇ ಅವುಗಳನ್ನು ಅಟ್ಟದ ಮೇಲಕ್ಕೆ ಸಾಗಿಸುವುದೂ ನೆರೆಮನೆಯ ಮಗುವಿಗೆ ಕೊಟ್ಟುಬಿಡುವುದೂ ಉಂಟು. ಹೀಗೆ ಮಾಡುವುದರಿಂದ ಕಣ್ಣಿನ ನಷ್ಟದ ಮೇಲೆ ಇನ್ನೊಂದು ನಷ್ಟವನ್ನು ನಾವೇ ತಂದಿಟ್ಟಂತಾಗುವುದು. ಕಣ್ಣು ಹೋದ ಮಾತ್ರಕ್ಕೆ ಒಲವು ಹೋಗದು. ಕಣ್ಣಿನ ಮೂಲಕ ಬಂದ ಒಲವಿಗೆ ಕಿವಿ, ಬೆರಳು, ನೆನಪು, ಗೆಳೆತನ ಎಂಬ ಬೇರೆ ಬಾಗಿಲುಗಳುಂಟು. ಇದನ್ನು ಇಂದಿನ ಮಕ್ಕಳು ಚೆನ್ನಾಗಿ ಬಲ್ಲ ಪೋಕೆಮಾನ್ ಎಂಬ ಆಟದ ನಿದರ್ಶನದಿಂದ ಇಲ್ಲಿ ವಿವರಿಸಲೆಳಸುವೆನು.

ಈ ಹೆಸರನ್ನು ಕೇಳದ ಹಿರಿಯರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಜಪಾನ್ ದೇಶದ ಸತೋಷಿ ತಜಿರಿ ಎಂಬವರು 1965ರಲ್ಲಿ ಹುಟ್ಟಿ, ಟೋಕಿಯೋ ನಗರದ ಹೊರವಲಯವಾದ ಮಚಿದಾ ಎಂಬಲ್ಲಿ ಬೆಳೆದರು. ಬಾಲ್ಯದಲ್ಲಿ ಹುಳುಗಳನ್ನು ಹಿಡಿದು ಕೂಡಿಸುವುದೇ ಅವರ ಹವ್ಯಾಸವಾಗಿತ್ತು. ಊರು ಬೆಳೆದಂತೆ ಬಯಲುಗಳೂ ಕೊಳಗಳೂ ಮಾಯವಾದುವು. ಆ ಸಂತೋಷವನ್ನು ಮಕ್ಕಳಿಗೆ ಮರಳಿ ಕೊಡಬೇಕೆಂಬ ಬಯಕೆಯಿಂದ ಅವರೂ ಅವರ ಸಂಗಡಿಗರೂ ರಚಿಸಿದ ಆಟವು 1996ನೆಯ ಇಸವಿ ಫೆಬ್ರವರಿ 27ರಂದು ಹೊರಬಂದಿತು. ಅಂಗೈಯಲ್ಲಿ ಹಿಡಿಯುವ ಗೇಮ್ ಬಾಯ್ ಎಂಬ ಯಂತ್ರದಲ್ಲಿ ಆಡುವ ಆ ಆಟದಲ್ಲಿ 151 ಕಲ್ಪಿತ ಪ್ರಾಣಿಗಳಿದ್ದುವು. ಈಗ ಅವುಗಳ ಸಂಖ್ಯೆಯು ಸಾವಿರವನ್ನು ಮೀರಿದೆ. ಆಟಗಾರರು ಊರೂರು ಅಲೆದು, ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಇತರರ ಪ್ರಾಣಿಗಳೊಡನೆ ಸ್ಪರ್ಧೆಗಿಳಿಸುವರು. ಆಟವು ಎರಡು ಬೇರೆ ಬೇರೆ ಆವೃತ್ತಿಗಳಲ್ಲಿ ಬಂದಿತು; ಕೆಲವು ಪ್ರಾಣಿಗಳು ಒಂದರಲ್ಲಿ ಮಾತ್ರ ದೊರೆಯುವುವು. ಆದುದರಿಂದ ಇನ್ನೊಬ್ಬರೊಡನೆ ವಿನಿಮಯ ಮಾಡಿಕೊಳ್ಳದೆ ಸಂಗ್ರಹವು ಪೂರ್ಣವಾಗದು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಈ ಪ್ರಾಣಿಗಳ ಚಿತ್ರವುಳ್ಳ ಆಟದ ಎಲೆಗಳೂ ಜಪಾನಿನಲ್ಲಿ ಪ್ರಕಟವಾದುವು. 2003ರಲ್ಲಿ ಇದರ ಚಿತ್ರಕಥೆಯು ನಮ್ಮ ದೇಶದ ಟೆಲಿವಿಷನ್ನಿನಲ್ಲಿ ಬರತೊಡಗಿತು. ಅಂದಿನಿಂದ ನಮ್ಮ ಮಕ್ಕಳೂ ಪಿಕಾಚು ಎಂಬ ಹಳದಿ ಬಣ್ಣದ ಪ್ರಾಣಿಯ ಹೆಸರನ್ನು ಬಲ್ಲರು.

ಇದು ಕಣ್ಣಿನ ಆಟವಲ್ಲವೇ, ಕಾಣದವರಿಗೆ ಇದರಲ್ಲಿ ಏನು ಉಳಿಯುವುದು ಎಂದು ಕೇಳಬಹುದು. ಮೊದಲನೆಯದಾಗಿ, ಧ್ವನಿ ಉಳಿಯುವುದು. ಈ ಆಟದ ಪ್ರತಿಯೊಂದು ಪ್ರಾಣಿಗೂ ಒಂದು ಕೂಗು ಇದೆ. ಮೊದಲಿನ ಯಂತ್ರದ ಶಕ್ತಿ ಸ್ವಲ್ಪವಾಗಿದ್ದುದರಿಂದ ನಲವತ್ತಕ್ಕೂ ಕಡಿಮೆ ಮೂಲಧ್ವನಿಗಳನ್ನಿಟ್ಟುಕೊಂಡು, ಅವುಗಳ ಸ್ವರವನ್ನು ಏರಿಸಿ ಇಳಿಸಿ, ಅವಧಿಯನ್ನು ಹೆಚ್ಚಿಸಿ ತಗ್ಗಿಸಿ, 151 ಪ್ರಾಣಿಗಳಿಗೂ ಕೂಗು ಒದಗಿಸಿದರು. ಚಾರಿಜಾರ್ಡ್ ಎಂಬ ಬೆಂಕಿಯುಗುಳುವ ಪ್ರಾಣಿಗೂ ರೈಹಾರ್ನ್ ಎಂಬ ಖಡ್ಗಮೃಗದಂತಹ ಪ್ರಾಣಿಗೂ ಮೊದಲ ಆಟದಲ್ಲಿ ಒಂದೇ ಕೂಗು ಬಂದುದು ಹೀಗೆಯೇ. ಇಂತಹ ಕೆಲವನ್ನು ಬಿಟ್ಟರೆ, ಹಕ್ಕಿಯ ಕೂಗಿನಿಂದ ಹಕ್ಕಿಯನ್ನು ಗುರುತಿಸುವ ಹಳ್ಳಿಗರಂತೆ, ಆಟವನ್ನು ಬಲ್ಲವರು ಕಿವಿಯಿಂದಲೇ ಪ್ರಾಣಿಯನ್ನು ಗುರುತಿಸಬಲ್ಲರು.

ಕೂಗು ಮಾತ್ರವಲ್ಲ. ಆಟದ ಪಾತ್ರವು ಗೋಡೆಗೆ ತಗಲಿದರೆ ಒಂದು ಸದ್ದಾಗುವುದು. ಆದುದರಿಂದ ಕತ್ತಲೆಯಲ್ಲಿ ಗೋಡೆಯನ್ನು ತಡವಿಕೊಂಡು ನಡೆಯುವಂತೆ ಸದ್ದನ್ನು ತಡವಿಕೊಂಡು ದಾರಿ ಕಂಡುಕೊಳ್ಳಬಹುದು. ಅನೇಕ ಊರುಗಳಿಗೆ ಬೇರೆ ಬೇರೆ ಸಂಗೀತವಿರುವುದರಿಂದ ತಾನು ಎಲ್ಲಿರುವೆನೆಂದು ಬಹುಮಟ್ಟಿಗೆ ತಿಳಿಯುವುದು. ಸ್ಪರ್ಧೆಯಲ್ಲಿ ಬಲವಾದ ಪೆಟ್ಟಿಗೆ ಒಂದು ಶಬ್ದ, ದುರ್ಬಲವಾದ ಪೆಟ್ಟಿಗೆ ಮತ್ತೊಂದು ಶಬ್ದ. ಪ್ರಾಣಿಯು ಸೋಲುವ ಸ್ಥಿತಿಗೆ ಬಂದರೆ ಎಚ್ಚರಿಕೆಯ ನಾದವೊಂದು ಬಿಡದೆ ಬರುವುದು. ಇವೆಲ್ಲವೂ ಕಾಣುವವರಿಗೆ ಅಲಂಕಾರ, ಕಾಣದವರಿಗೆ ಊರುಗೋಲು.

ಆದರೆ ತೊಡಕುಗಳಿಲ್ಲವೆಂದು ಹೇಳುವುದು ಸತ್ಯವಾಗದು. ಈ ಮುಖ್ಯ ಆಟಗಳಲ್ಲಿ ಪಾತ್ರಗಳು ಆಡುವ ಮಾತು ಪರದೆಯ ಮೇಲೆ ಬರಹವಾಗಿ ಮಾತ್ರ ಬರುವುದು. ಯಾವ ಆಯ್ಕೆಯ ಮೇಲೆ ಗುರುತು ನಿಂತಿದೆಯೆಂಬುದನ್ನು ಆಟವು ಬಾಯಿಬಿಟ್ಟು ಹೇಳದು. ಆದಕಾರಣ ಆಯ್ಕೆಗಳ ಕ್ರಮವನ್ನು ಮಗ್ಗಿಯಂತೆ ಕಂಠಪಾಠ ಮಾಡಬೇಕು; ಇಲ್ಲವೆ ಓದಿ ಹೇಳುವ ಒಬ್ಬ ಸಂಗಾತಿ ಬೇಕು. ಇದಕ್ಕೆ ಅಂಧ ಆಟಗಾರರೇ ಕಂಡುಕೊಂಡ ಉಪಾಯಗಳೂ ಉಂಟು. 2000ದ ಕೊನೆಯಲ್ಲಿ ಬಂದ ಪೋಕೆಮಾನ್ ಕ್ರಿಸ್ಟಲ್ ಎಂಬ ಆಟಕ್ಕೆ, ಪರದೆಯ ಬರಹವನ್ನು ಗಣಕಯಂತ್ರವೇ ಓದಿ ಹೇಳುವಂತಹ ಪೂರಕ ತಂತ್ರಾಂಶವನ್ನು ಉತ್ಸಾಹಿಗಳು ರಚಿಸಿದ್ದಾರೆ. 2011ರಲ್ಲಿ ಆರಂಭವಾದ ಪೋಕೆಮಾನ್ ಶೋಡೌನ್ ಎಂಬ ಜಾಲತಾಣದಲ್ಲಿ ಸ್ಪರ್ಧೆಯ ಪ್ರತಿಯೊಂದು ನಡೆಯೂ ವಾಕ್ಯರೂಪದಲ್ಲಿ ಬರುವುದರಿಂದ, ಪರದೆಯನ್ನು ಓದುವ ತಂತ್ರಾಂಶದ ಸಹಾಯದಿಂದ ಕಾಣದವರು ಕಾಣುವವರೊಡನೆ ಸಮಸಮನಾಗಿ ಸೆಣಸಬಹುದು. ಅಲ್ಲಿ ಬೇಕಾದುದು ಕಣ್ಣಲ್ಲ, ಜ್ಞಾಪಕಶಕ್ತಿ: ನೀರು ಬೆಂಕಿಯನ್ನು ಆರಿಸುವುದು, ಬೆಂಕಿ ಹುಲ್ಲನ್ನು ಸುಡುವುದು, ಹುಲ್ಲು ನೀರನ್ನು ಗೆಲ್ಲುವುದು ಎಂಬಂತಹ 18 ಜಾತಿಗಳ ಬಲಾಬಲವನ್ನು ಮನಸ್ಸಿನಲ್ಲಿಟ್ಟುಕೊಂಡವರೇ ಗೆಲ್ಲುವರು.

ಇನ್ನು ಬೆರಳಿನ ವಿಷಯ. ಫ್ರಾನ್ಸ್ ದೇಶದ ಲೂಯಿ ಬ್ರೈಲ್ 1809ರಲ್ಲಿ ಹುಟ್ಟಿದನು. ಮೂರು ವರುಷದವನಿದ್ದಾಗ ತಂದೆಯ ಚರ್ಮದ ಕೆಲಸದ ದಬ್ಬಳವು ಕಣ್ಣಿಗೆ ತಗಲಿ, ಕ್ರಮೇಣ ಎರಡು ಕಣ್ಣುಗಳನ್ನೂ ಕಳೆದುಕೊಂಡನು. ಹದಿನೈದರ ಪ್ರಾಯದಲ್ಲಿಯೇ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿ, 1829ರಲ್ಲಿ ಅದನ್ನು ಪ್ರಕಟಿಸಿದನು. ನಮ್ಮ ದೇಶದಲ್ಲಿ 1951ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲ್ ಇದೇ ಆರು ಚುಕ್ಕೆಗಳಿಂದ ಕನ್ನಡವನ್ನೂ ಬರೆಯುವುದು. ಅಕಾರಕ್ಕೆ ಒಂದನೆಯ ಚುಕ್ಕೆ, ಕಕಾರಕ್ಕೆ ಒಂದು ಮತ್ತು ಮೂರನೆಯ ಚುಕ್ಕೆ. ಪೋಕೆಮಾನ್ ಆಟದಲ್ಲಿಯೂ ಈ ಲಿಪಿಯು ಕಾಣಿಸಿಕೊಂಡುದು ಒಂದು ಸೋಜಿಗ. 2002ರಲ್ಲಿ ಬಂದ ರೂಬಿ ಮತ್ತು ಸಫೈರ್ ಎಂಬ ಆಟಗಳಲ್ಲಿ ಮೂರು ಅಪೂರ್ವ ಪ್ರಾಣಿಗಳನ್ನು ಹಿಡಿಯಬೇಕಾದರೆ ಗುಹೆಯ ಗೋಡೆಯ ಮೇಲಿನ ಬ್ರೈಲ್ ಬರಹವನ್ನು ಬಿಡಿಸಿ ಓದಬೇಕಾಗಿತ್ತು. ಅದು ನುಣುಪಾದ ಪರದೆಯ ಮೇಲಿನ ಚುಕ್ಕೆ. ಬೆರಳಿಗೆ ಸಿಕ್ಕದು, ಕಣ್ಣಿಗೆ ಮಾತ್ರ ಸಿಕ್ಕುವುದು! ಆದರೂ ಅಂದು ಆಟಕ್ಕಾಗಿ ಆ ಚುಕ್ಕೆಗಳನ್ನು ಕಲಿತ ಮಕ್ಕಳಲ್ಲಿ ಯಾರಿಗಾದರೂ ಮುಂದೆ ದೃಷ್ಟಿ ಮಂದವಾಗಿದ್ದರೆ, ಅವರಿಗೆ ಬ್ರೈಲ್ ಲಿಪಿಯು ಅಪರಿಚಿತವಾಗಿ ತೋರಿರಲಾರದು.

ಎಲೆಗಳನ್ನು ಕೂಡಿಸುವವರಿಗೆ ಬ್ರೈಲ್ ಲಿಪಿಯು ನೇರವಾಗಿ ಉಪಯೋಗಕ್ಕೆ ಬರುವುದು. ಇದು ಹೊಸ ಸಂಗತಿಯಲ್ಲ. ಹತ್ತೊಂಬತ್ತು ತಿಂಗಳ ಕೂಸಿರುವಾಗಲೇ ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡ ಹೆಲನ್ ಕೆಲ್ಲರಮ್ಮನವರು, 1903ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ, ಮೂಲೆಯಲ್ಲಿ ಬ್ರೈಲ್ ಗುರುತುಳ್ಳ ಇಸ್ಪೀಟು ಎಲೆಗಳಿಂದ ತಾವು ಒಬ್ಬರೇ ಆಡುತ್ತಿದ್ದುದನ್ನು ತಿಳಿಸಿದ್ದಾರೆ. ಅಳಗುಳಿ ಮಣೆಯ ಹರಳುಗಳನ್ನು ಬೆರಳಿನಿಂದಲೇ ಎಣಿಸಿ ಹಂಚಬಲ್ಲ ನಮ್ಮ ಅಜ್ಜಿಯರಿಗೆ ಇದು ಆಶ್ಚರ್ಯವಾಗಿ ತೋರದು.

ಪೋಕೆಮಾನ್ ಎಲೆಯ ಅಗಲ 63 ಮಿಲಿಮೀಟರ್, ಉದ್ದ 88 ಮಿಲಿಮೀಟರ್. ಒಂದು ಬ್ರೈಲ್ ಅಕ್ಷರಕ್ಕೆ ಸುಮಾರು 6 ಮಿಲಿಮೀಟರ್ ಸ್ಥಳ ಬೇಕು. ಎಂದರೆ ಒಂದು ಸಾಲಿನಲ್ಲಿ ಹತ್ತು ಅಕ್ಷರಗಳಿಗಿಂತ ಹೆಚ್ಚು ಹಿಡಿಯದು. ಆದುದರಿಂದ ಪೂರ್ಣ ಹೆಸರಿಗೆ ಬದಲಾಗಿ ಅಂಕೆಯನ್ನು ಬರೆಯುವುದು ಲೇಸು. ಪಿಕಾಚುವಿನ ಕ್ರಮಸಂಖ್ಯೆ 25. ಅಂಕೆಯ ಚಿಹ್ನೆ ಸೇರಿ ಮೂರೇ ಅಕ್ಷರಗಳು. ಎಲೆಯ ಮೇಲೆ ನೇರವಾಗಿ ಚುಕ್ಕೆ ಒತ್ತಬಾರದು. ಒತ್ತಿದರೆ ಎಲೆ ಕೆಡುವುದು, ಬೆಲೆಯೂ ಇಳಿಯುವುದು. ಪ್ರತಿಯೊಂದು ಎಲೆಯನ್ನೂ ಪಾರದರ್ಶಕವಾದ ಚೀಲದಲ್ಲಿಟ್ಟು, ಚುಕ್ಕೆಯೊತ್ತಿದ ತೆಳುವಾದ ಅಂಟುಪಟ್ಟಿಯನ್ನು ಚೀಲದ ಮೇಲೆ ಹಚ್ಚತಕ್ಕದ್ದು. ಆಡುವುದಕ್ಕೆ ಬೇಕಾದ ಕಟ್ಟಿನಲ್ಲಿ 60 ಎಲೆಗಳಿರುವುವು; ಪ್ರಾಣಿ, ತರಬೇತುಗಾರ, ಶಕ್ತಿ ಎಂಬ ಮೂರು ವರ್ಗಗಳನ್ನು ಮೊದಲು ಬೇರ್ಪಡಿಸಿ ಗುರುತಿಟ್ಟರೆ ಕೆಲಸವು ಸುಲಭ. ಪಂದ್ಯಗಳಲ್ಲಿ ಗುರುತು ಮಾಡಿದ ಎಲೆಗಳಿಗೆ ನಿಷೇಧವಿರುವುದರಿಂದ, ಆಟಕ್ಕೆ ಮುಂಚೆ ತೀರ್ಪುಗಾರರಿಗೆ ತಿಳಿಸಿ ಅನುಮತಿ ಪಡೆಯುವುದು ಯೋಗ್ಯ.

ಬೆರಳಿಗೆ ಇನ್ನೊಂದು ಸಂತೋಷವೂ ಉಂಟು. ಸಾಧಾರಣ ಎಲೆಗಳು ನುಣುಪು. ಆದರೆ ಇತ್ತೀಚಿನ ಬೆಲೆಯುಳ್ಳ ಎಲೆಗಳಲ್ಲಿ ಅನೇಕಕ್ಕೆ ಮೇಲ್ಮೈಯಲ್ಲಿ ಸೂಕ್ಷ್ಮವಾದ ಗೆರೆಗಳನ್ನು ಕೊರೆದಿರುವರು. ಉಗುರಿನ ತುದಿಯನ್ನು ಮೆಲ್ಲನೆ ಆಡಿಸಿದರೆ ಆ ಗೆರೆಗಳು ತಿಳಿಯುವುವು. ಖೋಟಾ ಎಲೆಗಳಲ್ಲಿ ಈ ಗೆರೆಗಳು ಅನೇಕವೇಳೆ ಇರುವುದಿಲ್ಲ. ಕಣ್ಣುಳ್ಳವರು ಹೊಳಪಿಗೆ ಮರುಳಾಗುವಲ್ಲಿ ಬೆರಳುಳ್ಳವರು ಮೋಸಹೋಗದೆ ಇರಬಹುದು.

ಎಲೆಯ ಮೇಲಿನ ಬರಹವನ್ನು ಓದುವುದಕ್ಕೆ ಈಗ ಕೈಫೋನೇ ಸಾಕು. 2017ರಲ್ಲಿ ಬಂದ ಸೀಯಿಂಗ್ ಎಐ ಎಂಬಂತಹ ತಂತ್ರಾಂಶಗಳು ಫೋನಿನ ಕ್ಯಾಮರಾ ಕಂಡ ಅಕ್ಷರಗಳನ್ನು ಓದಿ ಹೇಳುವುವು. 2015ರಲ್ಲಿ ಡೆನ್ಮಾರ್ಕ್ ದೇಶದಲ್ಲಿ ಆರಂಭವಾದ ಬಿ ಮೈ ಐಸ್ ಎಂಬುದರ ಮೂಲಕ ದೂರದ ಸ್ವಯಂಸೇವಕರು ಆ ಕ್ಯಾಮರಾದಿಂದ ನೋಡಿ ಉತ್ತರ ಕೊಡುವರು. ಹೊಳೆಯುವ ಎಲೆಗಳು ಬೆಳಕನ್ನು ಹಿಂದಿರುಗಿಸುವುದರಿಂದ ಯಂತ್ರವು ತಪ್ಪು ಓದುವುದುಂಟು. ಎಲೆಯನ್ನು ಚೀಲದಿಂದ ತೆಗೆದು, ಬೆಳಕು ಒಂದು ಪಕ್ಕದಿಂದ ಬೀಳುವಂತೆ ಓರೆಯಾಗಿ ಹಿಡಿದರೆ ಸರಿಹೋಗುವುದು.

ಆದರೂ ಚಿತ್ರ? ಎಲೆಯ ಜೀವವೇ ಚಿತ್ರವಲ್ಲವೇ? ಇಲ್ಲಿ ನೆನಪಿನ ಪ್ರಶ್ನೆ ಬರುವುದು. ದೃಷ್ಟಿ ಹೋದ ಮೇಲೆ ಮನಸ್ಸಿನ ಚಿತ್ರಗಳು ಎಲ್ಲರಲ್ಲಿಯೂ ಒಂದೇ ವಿಧವಾಗಿ ನಿಲ್ಲುವುದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಧಾರ್ಮಿಕ ಶಿಕ್ಷಣದ ಪ್ರಾಧ್ಯಾಪಕರಾಗಿದ್ದ ಜಾನ್ ಹಲ್ ಎಂಬವರು ನಡುವಯಸ್ಸಿನಲ್ಲಿ ಅಂಧರಾದರು. ತಮ್ಮವರ ಮುಖಗಳ ನೆನಪೂ ಸಹ ಮನಸ್ಸಿನಿಂದ ಅಳಿದುಹೋದುದನ್ನು ಅವರು 1990ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಣಿಸಿದ್ದಾರೆ. ಇದಕ್ಕೆ ಬದಲಾಗಿ, 1951ರಲ್ಲಿ ಅಪಘಾತದಿಂದ ಕಣ್ಣು ಕಳೆದುಕೊಂಡ ಆಸ್ಟ್ರೇಲಿಯದ ಜೋಲ್ಟನ್ ಟೋರೆ ಎಂಬವರು ಮನಸ್ಸಿನ ಚಿತ್ರಗಳನ್ನು ಪ್ರಯತ್ನಪೂರ್ವಕವಾಗಿ ಬೆಳೆಸಿಕೊಂಡು, ತಮ್ಮ ಮನೆಯ ಛಾವಣಿಯ ನೀರುದೋಣಿಗಳನ್ನು ತಾವೇ ಮೇಲೇರಿ ಬದಲಿಸಿದರು! ವೈದ್ಯರಾದ ಆಲಿವರ್ ಸ್ಯಾಕ್ಸ್ ಇವರಿಬ್ಬರನ್ನೂ ಹೋಲಿಸಿ ಬರೆದಿದ್ದಾರೆ. ಇದರಿಂದ ನಾವು ಕಲಿಯತಕ್ಕದ್ದೇನೆಂದರೆ, ಚಿತ್ರವನ್ನು ಉಳಿಸಿಕೊಳ್ಳಬಯಸುವವರಿಗೆ ನಾವು ನೆರವಾಗಬೇಕು. ಅದು ಉಳಿಯದವರನ್ನು ಒತ್ತಾಯಪಡಿಸಬಾರದು.

ನೆರವಾಗುವ ಬಗೆಯೇ ಮಾತು. "ಇದು ಚೆನ್ನಾಗಿದೆ" ಎಂದರೆ ಕಾಣದವರಿಗೆ ಏನೂ ತಿಳಿಯದು. ಹೇಳುವುದಾದರೆ ಹೀಗೆ ಹೇಳಬೇಕು: "ಇದು ಮೊದಲನೆಯ ಕಟ್ಟಿನ ಚಾರಿಜಾರ್ಡ್, 102ರಲ್ಲಿ ನಾಲ್ಕನೆಯದು. ಸುತ್ತಲೂ ಹಳದಿ ಅಂಚು. ಕಿತ್ತಳೆ ಬಣ್ಣದ ಮೈ, ನೀಲಿಹಸುರಾದ ರೆಕ್ಕೆಗಳು, ತೆರೆದ ಬಾಯಿಂದ ಬೆಂಕಿ. ಚಿತ್ರಕಾರರು ಮಿತ್ಸುಹಿರೋ ಅರಿತಾ." ಹೀಗೆ ಹೆಸರು, ಸಂಖ್ಯೆ, ಬಣ್ಣ, ಭಂಗಿ, ಚಿತ್ರಕಾರರು ಎಂಬ ಕ್ರಮದಲ್ಲಿ ವರ್ಣಿಸುವ ಅಭ್ಯಾಸವು ವರ್ಣಿಸುವವರಿಗೂ ಉಪಕಾರವೇ; ಅವರು ಎಂದೂ ಗಮನಿಸದಿದ್ದುದನ್ನು ಆಗ ಗಮನಿಸುವರು. ತಂಗಿಯೊಬ್ಬಳು ಅಕ್ಕನಿಗೆ ಎಲೆಯನ್ನು ವರ್ಣಿಸುತ್ತ ಕುಳಿತರೆ ಸಂಗ್ರಹವು ಇಬ್ಬರದೂ ಆಗುವುದು.

ದೃಷ್ಟಿಯು ಒಮ್ಮೆಗೇ ಹೋಗದೆ ಮೆಲ್ಲಮೆಲ್ಲನೆ ಕುಂದುವ ಸಂದರ್ಭಗಳೂ ಅನೇಕ. ಅಕ್ಷಿಪಟಲದ ಕೆಲವು ರೋಗಗಳಲ್ಲಿ ಮೊದಲು ಇರುಳುಗಣ್ಣು ತೋರಿ, ಅನಂತರ ಸುತ್ತಣ ನೋಟವು ಕಿರಿದಾಗುತ್ತ ಬರುವುದು. ಮುಸ್ಸಂಜೆಯಲ್ಲಿ ಮಗುವು ಪದೇ ಪದೇ ಎಡವಿದರೆ ಗದರಿಸದೆ ನೇತ್ರವೈದ್ಯರಿಗೆ ತೋರಿಸತಕ್ಕದ್ದು. ರೋಗವು ನಿಶ್ಚಯವಾದರೆ, ಉಳಿದ ದೃಷ್ಟಿಯ ಕಾಲವನ್ನು ವ್ಯರ್ಥಮಾಡದೆ ಎಲೆಗಳನ್ನು ಕ್ರಮಪಡಿಸಿ, ಪಟ್ಟಿ ಮಾಡಿ, ಅವುಗಳ ವರ್ಣನೆಯನ್ನು ತನ್ನ ದನಿಯಲ್ಲಿಯೇ ಧ್ವನಿಮುದ್ರಿಸಿಡುವುದಕ್ಕೂ ಬ್ರೈಲ್ ಕಲಿಯುವುದಕ್ಕೂ ಹುಡುಗಿಗೆ ಪ್ರೋತ್ಸಾಹ ಕೊಡಬೇಕು.

ಕೊನೆಯದಾಗಿ ತಾಯ್ತಂದೆಯರಲ್ಲಿಯೂ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂತಹ ಕಷ್ಟವು ಒದಗಿದರೆ, ಪೆಟ್ಟಿಗೆಯನ್ನು ಎತ್ತಿಡುವ ಮೊದಲು ಅದರ ಒಡತಿಯನ್ನು ಕೇಳಿರಿ. ಕೆಲವು ಕಾಲ ಅದನ್ನು ಮುಟ್ಟಲಾರೆನೆಂದು ಅವಳು ಹೇಳಿದರೆ ಕಾದಿರಿ. ದುಃಖಕ್ಕೂ ಅದರ ಹೊತ್ತು ಬೇಕು. ಬೇಕೆಂದು ಕೇಳಿದ ದಿನ ಅವಳ ಪಕ್ಕದಲ್ಲಿ ಕುಳಿತು ಒಂದೊಂದೇ ಎಲೆಯನ್ನು ಕೈಗೆ ಕೊಡಿರಿ. ಓದು, ಕೆಲಸ, ನಡಿಗೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗಿ ಬಂದವಳಿಗೆ, ತಾನು ಹಿಂದಿನಿಂದಲೂ ಬಲ್ಲ, ಇತರರಿಗಿಂತ ಚೆನ್ನಾಗಿ ಬಲ್ಲ ಒಂದು ವಿಷಯವು ಕೈಯಲ್ಲಿ ಉಳಿದಿರುವುದು ಸಣ್ಣ ಸಂಗತಿಯಲ್ಲ. ತಾನು ಅದೇ ಹುಡುಗಿಯೆಂಬ ಧೈರ್ಯವು ಅವಳಿಗೆ ಅದರಿಂದ ಬರುವುದು.